ಓದುಗರ ಪ್ರಶ್ನೆ: ಶಿಲುಬೆ ಯುದ್ಧ, ಪೋಪರ ಪತ್ರ, ಗೋವೆಯ ಕೋಟೆ

ಹಿಂದಿನ ಸಂಚಿಕೆಯಲ್ಲಿ ಹಳೇ ಗೋವೆಯ ಇಗರ್ಜಿಗಳನ್ನು ಕುರಿತು ಪ್ರಕಟವಾದ ಪ್ರವಾಸಲೇಖನದ ಕೊನೆಯಲ್ಲಿ, ಪೋರ್ಚುಗೀಸರ ಸಮುದ್ರಯಾನವನ್ನು ಶಿಲುಬೆ ಯುದ್ಧಗಳ (ಜೆರುಸಲೇಮನ್ನು ಮುಸ್ಲಿಮರಿಂದ ಬಿಡಿಸಲೆಂದು ಯುರೋಪಿನ ಕ್ರೈಸ್ತರು ಹೂಡಿದ ಯುದ್ಧಗಳ) ಮುಂದುವರಿಕೆಯೆಂದೇ ಓದಬೇಕು ಎಂಬ ಮಾತಿತ್ತು. ಆ ಒಂದು ಮಾತಿಗೆ ಮುಂಬಯಿ, ಪುಣೆ ಮತ್ತು ಗೋವೆಯ ಓದುಗರಿಂದ ಬಂದ ಪತ್ರಗಳಲ್ಲಿ ಒಪ್ಪಿಗೆಗಿಂತ ಆಕ್ಷೇಪಣೆಯೇ ಹೆಚ್ಚು. ಎಲ್ಲ ಪತ್ರಗಳ ವಿಷಯ ಒಂದೇ ಆದದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ದೀರ್ಘವಾದ ಪತ್ರಗಳ ಸಾರವನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ಶಿಲುಬೆ ಯುದ್ಧಗಳು 1291ರಲ್ಲಿ ಪ್ಯಾಲೆಸ್ಟೈನಿನ ಅಕ್ರೆ ಪಟ್ಟಣದ ಪತನದೊಂದಿಗೆ ಮುಗಿದವು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ನಡುವೆ ಇನ್ನೂರು ವರ್ಷಗಳ ಅಂತರವಿರುವಾಗ ಒಂದಕ್ಕೂ ಇನ್ನೊಂದಕ್ಕೂ ನಂಟು ಹಚ್ಚುವುದು ಬಾದರಾಯಣ ಸಂಬಂಧವಾಗುವುದಿಲ್ಲವೆ? ಅವರು ಬಂದದ್ದು ಕಾಳುಮೆಣಸಿಗಾಗಿ. (ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಿಲಿ)

ಉತ್ತರ: ತಮ್ಮ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಮೆಣಸಿನ ಆಸೆಯಿಲ್ಲದಿದ್ದರೆ ಆ ಹಡಗುಗಳು ಇಷ್ಟು ದೂರ ಬರುತ್ತಿರಲಿಲ್ಲ. ಆದರೆ 1291ರಲ್ಲಿ ಮುಗಿದದ್ದು ಪ್ಯಾಲೆಸ್ಟೈನಿನ ಶಿಲುಬೆ ಯುದ್ಧ ಮಾತ್ರ. 1095ರಲ್ಲಿ ಪೋಪ್ ಎರಡನೆಯ ಅರ್ಬನ್, ಫ್ರಾನ್ಸಿನ ಕ್ಲೆರ್ಮಾನ್ ಪಟ್ಟಣದಲ್ಲಿ ಸೇರಿದ ಸಭೆಯ ಮುಂದೆ, ಜೆರುಸಲೇಮಿನ ಬಿಡುಗಡೆಗೆ ಹೊರಡುವವರಿಗೆ ಪಾಪದ ಪ್ರಾಯಶ್ಚಿತ್ತದಿಂದ ವಿನಾಯಿತಿ ಉಂಟೆಂದು ಸಾರಿದನಷ್ಟೆ. ಅದೇ ವಿನಾಯಿತಿಯನ್ನು ಪೋಪರು ಸ್ಪೇನ್ ಮತ್ತು ಪೋರ್ಚುಗಲ್ ನೆಲದಲ್ಲಿ ಮುಸ್ಲಿಂ ಅರಸರ ವಿರುದ್ಧ ಹೋರಾಡುವವರಿಗೂ ಕೊಡುತ್ತ ಬಂದರು. 1147ರಲ್ಲಿ ಎರಡನೆಯ ಶಿಲುಬೆ ಯುದ್ಧಕ್ಕೆಂದು ಹಡಗೇರಿದ್ದ ಇಂಗ್ಲಿಷ್, ಫ್ಲೆಮಿಷ್ ಮತ್ತು ಜರ್ಮನ್ ಯೋಧರು ದಾರಿಯಲ್ಲೇ ಇಳಿದು, ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕೆಸ್‌ಗೆ ಲಿಸ್ಬನ್ ನಗರವನ್ನು ಗೆದ್ದುಕೊಡಲು ನೆರವಾದರು. ಗಾಮನ ಹಡಗುಗಳು ಹೊರಟ ಬಂದರೇ ಒಂದು ಶಿಲುಬೆ ಯುದ್ಧದ ಗಳಿಕೆಯಾಗಿತ್ತು.

ಮುಂದಿನ ಕೊಂಡಿ ಇನ್ನೂ ಗಟ್ಟಿಯಾದದ್ದು. ಜೆರುಸಲೇಮಿನ ಯಾತ್ರಿಕರ ರಕ್ಷಣೆಗೆಂದು 12ನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಟೆಂಪ್ಲರ್ ಎಂಬ ಯೋಧಸನ್ಯಾಸಿಗಳ ಸಂಘವನ್ನು 1312ರಲ್ಲಿ ಪೋಪ್ ಐದನೆಯ ಕ್ಲೆಮೆಂಟ್ ರದ್ದುಪಡಿಸಿದ. ಪೋರ್ಚುಗಲ್ಲಿನ ದೊರೆ ದಿನಿಸ್ ಮಾತ್ರ ತನ್ನ ರಾಜ್ಯದಲ್ಲಿದ್ದ ಆ ಸಂಘದ ಕೋಟೆ, ಭೂಮಿ, ಆದಾಯ ಯಾವುದನ್ನೂ ಕೈಬಿಡದೆ, 1319ರಲ್ಲಿ ಪೋಪರ ಒಪ್ಪಿಗೆ ಪಡೆದು ಅವೆಲ್ಲವನ್ನೂ 'ಕ್ರಿಸ್ತ ಸಂಘ' ಎಂಬ ಹೊಸ ಹೆಸರಿನ ಯೋಧಸಂಘಕ್ಕೆ ವರ್ಗಾಯಿಸಿದ. ಒಂದು ಶತಮಾನದ ಬಳಿಕ, 1420ರಲ್ಲಿ, ಈ ಸಂಘದ ಆಡಳಿತಾಧಿಕಾರಿಯಾಗಿ ಬಂದವನು ಶಾಲೆಯ ಪುಸ್ತಕಗಳಲ್ಲಿ 'ನಾವಿಕ ಹೆನ್ರಿ' ಎಂದು ನಾವೆಲ್ಲ ಓದಿದ ರಾಜಕುಮಾರ. ಅವನು ಅದಕ್ಕೂ ಮೊದಲು, 1415ರಲ್ಲಿ, ಉತ್ತರ ಆಫ್ರಿಕದ ಸೆಯುಟಾ ಪಟ್ಟಣವನ್ನು ಗೆದ್ದ ದಂಡಿನಲ್ಲಿದ್ದ. ಆ ದಂಡಯಾತ್ರೆಗೆ ಶಿಲುಬೆ ಯುದ್ಧದ ಬಿರುದಿತ್ತು. ಆಫ್ರಿಕದ ಕರಾವಳಿಗುಂಟ ದಕ್ಷಿಣಕ್ಕೆ ಇಳಿದ ಹಡಗುಗಳಿಗೆ ಆ ಸಂಘದ ಹಣವೂ ಒದಗಿತು. ಪೋರ್ಚುಗೀಸ್ ಹಡಗುಗಳ ಹಾಯಿಯ ಮೇಲೆ ಕಾಣುವ ಕೆಂಪು ಶಿಲುಬೆ ಅದೇ ಸಂಘದ ಲಾಂಛನ.

ಇಷ್ಟಾದರೂ ಲಾಂಛನ ಲಾಂಛನವೇ, ವ್ಯಾಪಾರ ವ್ಯಾಪಾರವೇ ಎಂದು ತಾವು ಹೇಳಬಹುದು. ಹಾಗಾದರೆ ಕಾಗದಪತ್ರಗಳನ್ನು ನೋಡೋಣ. ಬ್ಯಾಂಕಿನಲ್ಲಿ ದುಡಿದ ತಮಗೆ ದಸ್ತಾವೇಜಿನ ಬೆಲೆ ಬೇರೆ ಹೇಳಬೇಕಾಗಿಲ್ಲ. 1452ರಲ್ಲಿ ಪೋಪ್ ಐದನೆಯ ನಿಕೊಲಾಸ್, ಮುಸ್ಲಿಮರ ಮತ್ತು ಇತರ ಕ್ರೈಸ್ತೇತರರ ನಾಡುಗಳನ್ನು ಗೆಲ್ಲಲು, ಅಲ್ಲಿನ ಜನರನ್ನು ಶಾಶ್ವತ ದಾಸ್ಯಕ್ಕೆ ಒಳಪಡಿಸಲು ಪೋರ್ಚುಗಲ್ಲಿನ ದೊರೆಗೆ ಅನುಮತಿ ಕೊಟ್ಟ. 1455ರ ಜನವರಿಯಲ್ಲಿ ಅದೇ ಪೋಪ್ ಹೊರಡಿಸಿದ ಇನ್ನೊಂದು ಆಜ್ಞಾಪತ್ರವು ಆಫ್ರಿಕದ ಬೊಜದೋರ್ ಭೂಶಿರದಿಂದ ದಕ್ಷಿಣಕ್ಕೆ ಸಿಗುವ ನೆಲ, ಜಲ, ವ್ಯಾಪಾರಗಳ ಏಕಸ್ವಾಮ್ಯವನ್ನು ಪೋರ್ಚುಗಲ್ಲಿಗೆ ಬರೆದುಕೊಟ್ಟಿತು ಮತ್ತು ಅಪ್ಪಣೆಯಿಲ್ಲದೆ ಅಲ್ಲಿಗೆ ಹೋಗುವ ಬೇರೆ ಕ್ರೈಸ್ತರಿಗೆ ಬಹಿಷ್ಕಾರದ ಬೆದರಿಕೆ ಹಾಕಿತು. 1456ರಲ್ಲಿ ಪೋಪ್ ಮೂರನೆಯ ಕ್ಯಾಲಿಕ್ಸ್ಟಸ್ ಆ ಪ್ರದೇಶಗಳ ಧಾರ್ಮಿಕ ಅಧಿಕಾರವನ್ನು ಕ್ರಿಸ್ತ ಸಂಘಕ್ಕೆ ವಹಿಸಿದ. ಮುಂದೆ ಸ್ಪೇನ್ ಕೂಡ ಪಾಲು ಕೇಳಿದಾಗ ಪೋಪ್ ಆರನೆಯ ಅಲೆಕ್ಸಾಂಡರ್ 1493ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಎರಡರ ಪಾಲಿನ ನಡುವೆ ಗೆರೆ ಎಳೆದ. ಮರುವರ್ಷ ಎರಡೂ ರಾಜ್ಯಗಳು ತೊರ್ದೆಸಿಲ್ಯಾಸ್‌ನಲ್ಲಿ ಕೂತು ಆ ಗೆರೆಯನ್ನು ಕೇಪ್ ವರ್ಡ್ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಸರಿಸಿಕೊಂಡವು. ಆಗ ವಿಜಯನಗರಕ್ಕಾಗಲಿ ಬಿಜಾಪುರಕ್ಕಾಗಲಿ ತಾವು ಯಾರದೋ ಪಾಲಿಗೆ ಬಂದಿದ್ದೇವೆಂಬ ಸುಳಿವೂ ಇರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ವಸಾಹತಿಗೆ ಹಸಿವನ್ನು ಹುಟ್ಟಿಸಿದ್ದು ಮೆಣಸು, ಚಿನ್ನ, ಗುಲಾಮರ ವ್ಯಾಪಾರ. ಆ ಹಸಿವಿಗೆ ಪರವಾನಗಿ, ಸಂಘಟನೆ, ಹಣ ಒದಗಿಸುವ ಏರ್ಪಾಡುಗಳೆಲ್ಲ ಶಿಲುಬೆ ಯುದ್ಧಗಳ ಕಾಲದಿಂದ ಸಿದ್ಧವಾಗಿಯೇ ದೊರೆತವು. 1444ರ ಆಗಸ್ಟಿನಲ್ಲಿ ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ 235 ಜನರನ್ನು ಪೋರ್ಚುಗಲ್ಲಿನ ಲಾಗೋಸ್ ಬಂದರಿನ ಹೊರಗಿನ ಬಯಲಿನಲ್ಲಿ ನಿಲ್ಲಿಸಿ, ತಾಯಿ ಮಕ್ಕಳನ್ನು ಬೇರೆ ಮಾಡಿ ಪಾಲು ಹಂಚಲಾಯಿತು. ಕುದುರೆಯ ಮೇಲೆ ಕುಳಿತಿದ್ದ ರಾಜಕುಮಾರ ಹೆನ್ರಿಗೆ ಅದರಲ್ಲಿ ಐದನೆಯ ಒಂದು ಪಾಲು ಸಂದಿತು. ಮುಸ್ಲಿಮರೊಡನೆ ನಡೆದ ಯುದ್ಧಗಳಲ್ಲಿ ಲೂಟಿಯ ಐದನೆಯ ಒಂದು ಪಾಲು ದೊರೆಗೆ ಸಲ್ಲುತ್ತಿದ್ದ ರೂಢಿಯೇ ಇಲ್ಲಿಯೂ ನಡೆಯಿತು. ಆ ದೃಶ್ಯವನ್ನು ಬರೆದಿಟ್ಟ ಆಸ್ಥಾನದ ಚರಿತ್ರಕಾರ ಜುರಾರ, ಅವರ ಗೋಳಿಗೆ ಕಣ್ಣೀರು ಬಂದುದನ್ನೂ ಬರೆಯುತ್ತಾನೆ, ಅವರ ಆತ್ಮಗಳು ಉದ್ಧಾರವಾಗುವುವಲ್ಲ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾನೆ. ಮೆಣಸು ಮತ್ತು ಧರ್ಮ ಆ ಕಾಲದವರ ಮನಸ್ಸಿನಲ್ಲಿ ಬೇರೆ ಬೇರೆ ಖಾತೆಗಳಾಗಿರಲಿಲ್ಲ. ಕಲ್ಲಿಕೋಟೆಯ ದಂಡೆಯಲ್ಲಿ ಏಕೆ ಬಂದಿರಿ ಎಂದು ಕೇಳಿದಾಗ ಗಾಮನ ಕಡೆಯವನು, ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂದು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಆ ಯಾನದ ದಿನಚರಿ ದಾಖಲಿಸಿದೆ. (ಅಲ್ಲಿನ ದೇವಸ್ಥಾನವೊಂದನ್ನು ಇಗರ್ಜಿಯೆಂದೇ ತಿಳಿದು ಅವರು ಪ್ರಾರ್ಥನೆ ಮಾಡಿದ್ದೂ ಅದೇ ದಿನಚರಿಯಲ್ಲಿದೆ. ಗೋಡೆಯ ಮೇಲಿನ ಸಂತರಿಗೆ ಬಾಯಿಂದ ಹೊರಚಾಚಿದ ಹಲ್ಲುಗಳೂ ನಾಲ್ಕೈದು ತೋಳುಗಳೂ ಇದ್ದುದು ಅವರಿಗೆ ಅಷ್ಟಾಗಿ ಅನುಮಾನ ಹುಟ್ಟಿಸಲಿಲ್ಲ.)

ಪ್ರಶ್ನೆ: ನಮ್ಮ ಹೊನ್ನಾವರದ ತಿಮ್ಮಯ್ಯನೇ ಅಲ್ಬುಕರ್ಕನನ್ನು ಗೋವೆಗೆ ಕರೆತಂದನೆಂದು ಊರಿನ ಹಿರಿಯರು ಹೇಳುತ್ತಿದ್ದರು. ಹಿಂದೂ ನಾಯಕನೊಬ್ಬನ ನೆರವಿನಿಂದ ಗೆದ್ದ ಯುದ್ಧವು ಕ್ರೈಸ್ತರ ಧರ್ಮಯುದ್ಧ ಹೇಗಾಗುತ್ತದೆ? (ಬಂದರು ನೌಕರ, ಗೋವೆಯ ವಾಸ್ಕೊ ಪಟ್ಟಣ)

ಉತ್ತರ: ಹಿರಿಯರು ಹೇಳಿದ್ದು ಸರಿ. 1510ರ ಆರಂಭದಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನ ದಂಡು ಹೊರಟಿದ್ದು ಗೋವೆಗಲ್ಲ, ಕೆಂಪು ಸಮುದ್ರದ ಕಡೆಗೆ. ದಾರಿಯಲ್ಲಿ ಅವನನ್ನು ಕಂಡ ತಿಮ್ಮಯ್ಯ, ಬಿಜಾಪುರದ ಯೂಸುಫ್ ಆದಿಲ್ ಶಾಹ ತೀರಿಕೊಂಡಿದ್ದಾನೆಂದೂ, ಹಿಂದಿನ ವರ್ಷ ದೀವ್ ಕಾಳಗದಲ್ಲಿ ಪೋರ್ಚುಗೀಸರಿಗೆ ಸೋತು ಉಳಿದ ತುರ್ಕರು ಗೋವೆಯಲ್ಲಿ ಹೊಸ ಹಡಗುಗಳನ್ನು ಕಟ್ಟುತ್ತಿದ್ದಾರೆಂದೂ ತಿಳಿಸಿದ. ಪೋರ್ಚುಗೀಸರು ಹೆಚ್ಚು ಪ್ರತಿರೋಧವಿಲ್ಲದೆ ಊರನ್ನು ಹಿಡಿದರು. ಮೇ ತಿಂಗಳಲ್ಲಿ ಯೂಸುಫನ ಮಗ ಇಸ್ಮಾಯಿಲ್ ಆದಿಲ್ ಶಾಹನ ಸೇನೆ ಬಂದು ಓಡಿಸಿತು. ಮಳೆಗಾಲದ ಅಳಿವೆ ದಾಟಲಾಗದೆ ಆ ಹಡಗುಗಳು ಮಾಂಡೋವಿ ನದಿಯಲ್ಲೇ ಸಿಕ್ಕಿಕೊಂಡು, ಜನ ಇಲಿಗಳನ್ನು ತಿನ್ನುವ ಸ್ಥಿತಿಗೆ ಬಂದರು. ಅದೇ ವರ್ಷದ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಅಲ್ಬುಕರ್ಕ್ ಗೋವೆಯನ್ನು ಮತ್ತೆ ಗೆದ್ದ.

ತಾವು ವಾಸ್ಕೋದಲ್ಲೇ ಇರುವುದರಿಂದ ಹಳೇ ಗೋವೆಗೆ ಹೋದಾಗ ಎರಡು ವಸ್ತುಗಳನ್ನು ನಿಂತು ನೋಡಿ. ಸಂತ ಕ್ಯಾಥರೀನಳ ಪುಟ್ಟ ಪ್ರಾರ್ಥನಾಮಂದಿರದ ಹೊರಗೋಡೆಯಲ್ಲಿ ಒಂದು ಶಿಲಾಫಲಕವಿದೆ. ಈ ಸ್ಥಳದಲ್ಲಿದ್ದ ಬಾಗಿಲಿನಿಂದಲೇ ಅಲ್ಬುಕರ್ಕ್ ಒಳಗೆ ಬಂದು, ಸಂತ ಕ್ಯಾಥರೀನಳ ದಿನ ಈ ನಗರವನ್ನು ಮುಸ್ಲಿಮರಿಂದ ವಶಪಡಿಸಿಕೊಂಡನೆಂದೂ, ಅದರ ನೆನಪಿಗೆ 1550ರಲ್ಲಿ ಗವರ್ನರ್ ಜಾರ್ಜ್ ಕಬ್ರಾಲ್ ಈ ಕಟ್ಟಡವನ್ನು ಕಟ್ಟಿಸಿದನೆಂದೂ ಅದು ಹೇಳುತ್ತದೆ. ಇನ್ನೊಂದು, ನದಿಯ ದಕ್ಕೆಯಿಂದ ಊರೊಳಗೆ ಬರುವ ವೈಸರಾಯ್ ಕಮಾನು. ನದಿಯತ್ತ ಮುಖಮಾಡಿದ ಬದಿಯಲ್ಲಿ ಗಾಮನ ವಿಗ್ರಹವಿದೆ. ಎಲ್ಲರೂ ಫೋಟೊ ತೆಗೆಯುವುದು ಅದನ್ನು. ಒಳಗೆ ದಾಟಿ ಹಿಂತಿರುಗಿ ನೋಡಿದರೆ ಊರಿನತ್ತ ಮುಖಮಾಡಿದ ಬದಿಯಲ್ಲಿ ಒಬ್ಬ ಸ್ತ್ರೀಯ ಶಿಲ್ಪವಿದ್ದು, ಅವಳ ಕಾಲಡಿಯಲ್ಲಿ ಮುಂಡಾಸು ಕಟ್ಟಿದ ಒಬ್ಬ ಮನುಷ್ಯ ಬಿದ್ದಿದ್ದಾನೆ. ಹೊಸದಾಗಿ ಬಂದ ಪ್ರತಿಯೊಬ್ಬ ವೈಸರಾಯ್ ಆ ಕಮಾನಿನ ಕೆಳಗಿನಿಂದಲೇ ಊರೊಳಗೆ ಕಾಲಿಡಬೇಕಿತ್ತು.

ಗೆದ್ದವರು ಆ ಯುದ್ಧವನ್ನು ಹೇಗೆ ಕಂಡರು ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು. ಡಿಸೆಂಬರಿನಲ್ಲಿ ಅಲ್ಬುಕರ್ಕ್ ತನ್ನ ದೊರೆಗೆ ಬರೆದ ಪತ್ರ ಇನ್ನೂ ಸ್ಪಷ್ಟ. ನಾಲ್ಕು ದಿನಗಳ ಕಾಲ ಕೈಗೆ ಸಿಕ್ಕ ಒಬ್ಬ ಮುಸ್ಲಿಮನನ್ನೂ ಉಳಿಸಲಿಲ್ಲ, ಮಸೀದಿಗಳಲ್ಲಿ ತುಂಬಿ ಬೆಂಕಿ ಹಚ್ಚಿದೆವು, ಆದರೆ ಬ್ರಾಹ್ಮಣರನ್ನೂ ಉಳುವವರನ್ನೂ ಕೊಲ್ಲಬಾರದೆಂದು ಆಜ್ಞೆ ಮಾಡಿದ್ದೆ ಎಂಬುದು ಅದರ ಸಾರ. ಈ ಮನುಷ್ಯನಿಗೆ ನೈಲ್ ನದಿಯನ್ನು ಕೆಂಪು ಸಮುದ್ರಕ್ಕೆ ತಿರುಗಿಸಿ ಈಜಿಪ್ಟನ್ನು ಒಣಗಿಸುವ, ಮದೀನಾದಿಂದ ಪೈಗಂಬರರ ಪಾರ್ಥಿವ ಶರೀರವನ್ನು ಹೊತ್ತೊಯ್ದು ಅದರ ಬದಲಿಗೆ ಜೆರುಸಲೇಮನ್ನು ಕೇಳುವ ಯೋಜನೆಗಳೂ ಇದ್ದುವೆಂದು ಅವನ ಮಗ ಸಂಕಲಿಸಿದ ವೃತ್ತಾಂತದಲ್ಲಿದೆ. ಕನಸಾದರೂ ಅದು ಶಿಲುಬೆ ಯೋಧನ ಕನಸು.

ಅದೇ ಅಲ್ಬುಕರ್ಕ್ ಅದೇ 1510ರಲ್ಲಿ ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ರಾಯಭಾರಿಯಾಗಿ ಕೃಷ್ಣದೇವರಾಯನ ಬಳಿಗೆ ಕಳಿಸಿದ. ಪರ್ಶಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಿಂದ ಬರುವ ಅರಬ್ಬೀ ಕುದುರೆಗಳು ವಿಜಯನಗರದ ಸೈನ್ಯಕ್ಕೂ ಬೇಕು, ಬಿಜಾಪುರದ ಸೈನ್ಯಕ್ಕೂ ಬೇಕು. ಅವೆಲ್ಲ ಗೋವೆಯಲ್ಲೇ ಇಳಿಯಬೇಕೆಂದು ಕಟ್ಟುಮಾಡಿ ಸುಂಕ ಎತ್ತುವುದು ಪೋರ್ಚುಗೀಸರಿಗೆ ಬೇಕು. ಹೊರ್ಮುಜ್‌ನ ಮುಸ್ಲಿಂ ಅರಸನನ್ನು ಅವರು ಕಪ್ಪ ಪಡೆದು ಗಾದಿಯ ಮೇಲೇ ಉಳಿಸಿದರು. ಸಮುದ್ರದಲ್ಲಿ ಸಂಚರಿಸಲು ಬೇಕಾದ 'ಕಾರ್ತಾಜ್' ಎಂಬ ರಹದಾರಿಯನ್ನು ಮುಸ್ಲಿಂ ವರ್ತಕರಿಗೂ ಮಾರಿದರು. ತಿಮ್ಮಯ್ಯನಿಗೆ ಗೋವೆಯ ಕಂದಾಯ ವಸೂಲಿಯ ಗುತ್ತಿಗೆ ಸಿಕ್ಕಿತು. ಅವನ ಲೆಕ್ಕದಲ್ಲಿ ಇದು ಆದಿಲ್‌ಶಾಹಿಯನ್ನು ಹೊರಹಾಕುವ ಸ್ಥಳೀಯ ಜಗಳ, ಬಂದವರು ಕೂಲಿಗೆ ಸಿಕ್ಕ ಸಮುದ್ರದ ದಂಡು. ಅಲ್ಬುಕರ್ಕನ ಲೆಕ್ಕದಲ್ಲಿ ತಿಮ್ಮಯ್ಯ ಜೆರುಸಲೇಮಿನ ದಾರಿಯಲ್ಲಿ ಸಿಕ್ಕ ಒಂದು ಅನುಕೂಲ. ಒಂದೇ ಯುದ್ಧವನ್ನು ಇಬ್ಬರೂ ಬೇರೆ ಬೇರೆ ಕಾರಣಗಳಿಗಾಗಿ ಹೋರಾಡಿದರು. ತಿಮ್ಮಯ್ಯನನ್ನು ದ್ರೋಹಿಯೆಂದು ಇಂದು ಜರೆಯುವವರು, 1510ರಲ್ಲಿ ಅವನು ಯಾವ ದೇಶಕ್ಕೆ ದ್ರೋಹ ಬಗೆದ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕುಲದೇವಿ ಶಾಂತಾದುರ್ಗೆ ಕೇಳೋಶಿಯಿಂದ ಕವಳೆಗೆ ಬಂದಳೆಂದು ಅಜ್ಜಿ ಹೇಳುತ್ತಿದ್ದರು. ಗೋವೆ 1510ರಲ್ಲೇ ಹೋಯಿತಲ್ಲ, ದೇವಸ್ಥಾನಗಳು ಬಿದ್ದದ್ದು ಮೂವತ್ತು ನಲವತ್ತು ವರ್ಷ ತಡವಾಗಿ ಏಕೆ? ಕೆಡವಿದವರು ಪಾದ್ರಿಗಳೋ ಸರಕಾರವೋ? (ಗೃಹಿಣಿ, ಮಾಟುಂಗಾ)

ಉತ್ತರ: ತಮ್ಮ ಪ್ರಶ್ನೆಯ ಎರಡೂ ಭಾಗಗಳಿಗೆ ಉತ್ತರ ಒಂದೇ ಏರ್ಪಾಡಿನಲ್ಲಿದೆ. ಮೇಲೆ ಹೇಳಿದ ಪೋಪರ ಪತ್ರಗಳ ಬಲದಿಂದ ಪೋರ್ಚುಗಲ್ಲಿನ ದೊರೆಗೆ 'ಪಾದ್ರುವಾದು' ಎಂಬ ಹಕ್ಕು ದೊರೆತಿತ್ತು. ಹೊಸ ನಾಡುಗಳಲ್ಲಿ ಇಗರ್ಜಿ ಕಟ್ಟಿಸುವುದು, ಪಾದ್ರಿಗಳನ್ನು ಸಾಕುವುದು ದೊರೆಯ ಹೊಣೆ. ಅದಕ್ಕೆ ಪ್ರತಿಯಾಗಿ ಬಿಷಪ್ ಯಾರಾಗಬೇಕೆಂದು ಸೂಚಿಸುವ ಅಧಿಕಾರವೂ ಧಾರ್ಮಿಕ ತೆರಿಗೆಯ ಆದಾಯವೂ ದೊರೆಯದು. ಪಾದ್ರಿ ಉಣ್ಣುತ್ತಿದ್ದುದು ಸರಕಾರದ ಅನ್ನ, ಸರಕಾರ ಹೇಳುತ್ತಿದ್ದುದು ಪಾದ್ರಿಯ ಮಂತ್ರ. ಆದ್ದರಿಂದ ಕೆಡವಿದವರು ಇವರೋ ಅವರೋ ಎಂದು ಬಿಡಿಸಿ ಹೇಳುವುದು ಆ ಕಾಲದ ಮಟ್ಟಿಗೆ ಸಾಧ್ಯವಿಲ್ಲ.

ತಡವಾದದ್ದಕ್ಕೆ ಕಾರಣ, ಮೊದಲ ಮೂವತ್ತು ವರ್ಷ ಕೈಯಲ್ಲಿ ಜನ ಕಡಿಮೆ, ಹಿಂದೂಗಳ ಹಂಗು ಹೆಚ್ಚು. ಅಲ್ಬುಕರ್ಕ್ ಸತಿ ಪದ್ಧತಿಯನ್ನು ನಿಷೇಧಿಸಿದನಾದರೂ ಗಾಂವಕಾರಿ ಎಂಬ ಗ್ರಾಮಾಡಳಿತದ ಏರ್ಪಾಡನ್ನು ಹಾಗೆಯೇ ಬಿಟ್ಟ. ಫ್ರಾನ್ಸಿಸ್ಕನ್ನರು 1517ರಲ್ಲೇ ಬಂದಿದ್ದರೂ ಅವರ ಸಂಖ್ಯೆ ದೊಡ್ಡದಲ್ಲ. ಅಷ್ಟರಲ್ಲಿ ಯುರೋಪಿನಲ್ಲಿ ಪೋಪರ ವಿರುದ್ಧ ಲೂಥರನ ದಂಗೆಯಾಗಿ, ಕೆಥೊಲಿಕ್ ರಾಜ್ಯಗಳು ತಮ್ಮ ನಿಷ್ಠೆಯನ್ನು ಮೆರೆಯಬೇಕಾದ ಕಾಲ ಬಂತು. ಮೂರನೆಯ ಜೊವಾನ್ ದೊರೆ ಅಂತಹ ನಿಷ್ಠಾವಂತ. ಗೋವೆಗೆ 1534ರಲ್ಲಿ ಬಿಷಪ್ ಪೀಠವಾಯಿತು. 1540ರಲ್ಲಿ ಜೆಸ್ವಿಟ್ ಎಂಬ ಪಾದ್ರಿಗಳ ಸಂಘಕ್ಕೆ ಪೋಪರ ಮನ್ನಣೆ ದೊರೆಯಿತು, ಅದೇ ವರ್ಷ ಗೋವೆ ನಗರವಿದ್ದ ತಿಸ್ವಾಡಿ ದ್ವೀಪದ ದೇವಸ್ಥಾನಗಳನ್ನು ಕೆಡವಲಾಯಿತು. 1541ರಲ್ಲಿ ವಿಕಾರ್ ಜನರಲ್ (ಬಿಷಪ್ಪರ ಆಡಳಿತ ಪ್ರತಿನಿಧಿ) ಮಿಗೆಲ್ ವಾಸ್ ಮೊದಲಾದವರ ಮುಂದಾಳುತನದಲ್ಲಿ ಗ್ರಾಮಗಳ ಗಾಂವಕಾರರನ್ನು ಕರೆಸಿ, ದೇವಸ್ಥಾನಗಳ ಉಂಬಳಿ ಭೂಮಿಯ ಉತ್ಪನ್ನವನ್ನು ಇಗರ್ಜಿಗಳ ಮತ್ತು ಹೊಸ ಪಾಠಶಾಲೆಯ ಖರ್ಚಿಗೆ ಬರೆಯಿಸಿಕೊಳ್ಳಲಾಯಿತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಟ್ಟಡ ಬಿದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಪೂಜಾರಿ, ಕಲಾವಂತ, ವಾದ್ಯದವರು, ಸುತಾರ ಎಲ್ಲರ ಹೊಟ್ಟೆ ಹೊರೆಯುತ್ತಿದ್ದ ಉಂಬಳಿ ಕೈಬದಲಾದದ್ದು ಅದಕ್ಕಿಂತ ದೊಡ್ಡ ಹೊಡೆತ. ದೇವರನ್ನು ಬೇರೆಡೆ ಕೂರಿಸಬಹುದು, ಗದ್ದೆಯನ್ನು ಹೊತ್ತೊಯ್ಯಲು ಬರುವುದಿಲ್ಲ.

ಸಂತ ಫ್ರಾನ್ಸಿಸ್ ಝೇವಿಯರ್ ಬಂದದ್ದು 1542ರ ಮೇ ತಿಂಗಳಲ್ಲಿ, ಅಂದರೆ ಇದೆಲ್ಲ ಆರಂಭವಾದ ಮೇಲೆ. ಇಂಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ಪೀಠವನ್ನು ಗೋವೆಯಲ್ಲಿ ಸ್ಥಾಪಿಸಬೇಕೆಂದು ಅವರು 1546ರಲ್ಲಿ ದೊರೆಗೆ ಬರೆದದ್ದು ನಿಜ. ಅದು ಸ್ಥಾಪನೆಯಾದದ್ದು 1560ರಲ್ಲಿ, ಅವರು ಚೀನಾದ ದ್ವೀಪವೊಂದರಲ್ಲಿ ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ತಮ್ಮ ಕುಲದೇವಿಯ ಕೇಳೋಶಿ ಇರುವ ಸಾಷ್ಟಿ ಸೀಮೆ ಪೋರ್ಚುಗೀಸರ ಕೈಗೆ ಬಂದದ್ದೇ 1543ರಲ್ಲಿ. ಅಲ್ಲಿನ ದೇವಸ್ಥಾನಗಳ ವ್ಯಾಪಕ ನಾಶ ನಡೆದದ್ದು 1567ರಲ್ಲಿ. ಭಕ್ತರು ಮೂರ್ತಿಗಳನ್ನು ಹೊತ್ತು ಜುವಾರಿ ನದಿ ದಾಟಿ ಫೋಂಡಾ ಸೀಮೆಗೆ ಬಂದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ, ಶಾಂತಾದುರ್ಗೆ ಕವಳೆಗೆ ಬಂದದ್ದು ಹೀಗೆ. ಆಗ ಫೋಂಡಾ ಇದ್ದದ್ದು ಬಿಜಾಪುರದ ಆದಿಲ್ ಶಾಹನ ಆಳ್ವಿಕೆಯಲ್ಲಿ. ಇಂದು ಕವಳೆಯಲ್ಲಿ ತಾವು ನೋಡುವ ಕಟ್ಟಡ ಛತ್ರಪತಿ ಶಾಹುವಿನ ಕಾಲದ್ದು, 1738ರದು.

ಎಲ್ಲರೂ ಬಲಾತ್ಕಾರದಿಂದಲೇ ಕ್ರೈಸ್ತರಾದರು ಎನ್ನುವುದೂ ಪೂರ್ತಿ ಚಿತ್ರವಲ್ಲ. 1559ರಲ್ಲಿ ತಂದೆಯಿಲ್ಲದ ಹಿಂದೂ ಮಕ್ಕಳನ್ನು ಪಾದ್ರಿಗಳಿಗೆ ಒಪ್ಪಿಸುವ ಕಾನೂನು ಬಂತು, ಸರಕಾರಿ ಹುದ್ದೆಗಳು ಕ್ರೈಸ್ತರಿಗೇ ಎಂಬ ಆಜ್ಞೆಗಳು ಬಂದವು. ಭೂಮಿ ಮತ್ತು ಗಾಂವಕಾರಿಯ ಪಾಲು ಉಳಿಸಿಕೊಳ್ಳಲು ಅಣ್ಣನೊಬ್ಬ ದೀಕ್ಷೆ ಪಡೆದು ಉಳಿದ, ತಮ್ಮನೊಬ್ಬ ದೇವರೊಂದಿಗೆ ನದಿ ದಾಟಿದ ಎಂಬಂತಹ ಕಥೆಗಳು ಅನೇಕ ಮನೆತನಗಳಲ್ಲಿವೆ. ಜಾತಿಯಂತೂ ಇಗರ್ಜಿಯೊಳಗೂ ಜೊತೆಗೇ ಬಂತು. ಎದುರು ನಿಂತವರೂ ಇದ್ದರು. 1583ರ ಜುಲೈಯಲ್ಲಿ ಕುಂಕಳ್ಳಿಯ ಜನರು ಇಗರ್ಜಿಗೆ ಜಾಗ ನೋಡಲು ಬಂದ ಐವರು ಜೆಸ್ವಿಟರನ್ನು ಕೊಂದರು. ಅವರಲ್ಲಿ ಅಕ್ಬರನ ಆಸ್ಥಾನದಿಂದ ಆಗಷ್ಟೇ ಹಿಂತಿರುಗಿದ್ದ ರೊದೊಲ್ಫೊ ಅಕ್ವಾವಿವಾ ಒಬ್ಬರು. ಆ ಬಳಿಕ ಪೋರ್ಚುಗೀಸರು ಊರಿನ ಮುಖಂಡರನ್ನು ಮಾತುಕತೆಗೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಕೊಲ್ಲಿಸಿದರು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇವೆ. ಫೋಂಡಾ ಸೀಮೆ ಮುಂದೆ ನಮ್ಮ ಶಿರಸಿಯ ಬಳಿಯ ಸೋದೆ ಅರಸರ ಕೈಗೆ ಬಂದಿತ್ತು. 1763ರಲ್ಲಿ ಹೈದರಾಲಿ ಸೋದೆಯ ಮೇಲೆ ಬಿದ್ದಾಗ ಅರಸ ಪೋರ್ಚುಗೀಸರ ಆಶ್ರಯ ಪಡೆದ, ಫೋಂಡಾ ಅವರ ಪಾಲಾಯಿತು. ಆದರೆ ಈ ಸಲ ಅವರು ದೇವಸ್ಥಾನಗಳನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು, ಮುಟ್ಟಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 1759ರಲ್ಲಿ, ಲಿಸ್ಬನ್ನಿನ ಮಂತ್ರಿ ಪೊಂಬಾಲ್ ಜೆಸ್ವಿಟರನ್ನೇ ತನ್ನ ರಾಜ್ಯದಿಂದ ಹೊರಹಾಕಿದ್ದ. ರಾಜ್ಯ ಅದೇ, ವಸಾಹತು ಅದೇ, ಧರ್ಮಯುದ್ಧದ ಉಪಯೋಗ ಮಾತ್ರ ತೀರಿತ್ತು.

ಪ್ರಶ್ನೆ: 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ಭೂಮಾರ್ಗ ಮುಚ್ಚಿದ್ದರಿಂದ ಯುರೋಪಿಯನ್ನರು ಜಲಮಾರ್ಗ ಹುಡುಕಿದರು ಎಂದು ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಯಲ್ಲಿದೆ. ಇದು ಸರಿಯೆ? (ವಿದ್ಯಾರ್ಥಿನಿ, ಪುಣೆ)

ಉತ್ತರ: ಪರೀಕ್ಷೆಯಲ್ಲಿ ಕೈಪಿಡಿಯ ಉತ್ತರವನ್ನೇ ಬರೆಯಿರಿ, ಅಂಕ ಅದಕ್ಕೇ. ಆದರೆ ಪೋರ್ಚುಗೀಸರು ಸೆಯುಟಾ ಗೆದ್ದದ್ದು 1415ರಲ್ಲಿ, ಬೊಜದೋರ್ ಭೂಶಿರ ದಾಟಿದ್ದು 1434ರಲ್ಲಿ. ಎರಡೂ 1453ಕ್ಕೆ ಮೊದಲಿನವು. ಮೇಲಾಗಿ ಭಾರತದ ಮೆಣಸು ಯುರೋಪಿಗೆ ಮುಖ್ಯವಾಗಿ ತಲುಪುತ್ತಿದ್ದುದು ಈಜಿಪ್ಟಿನ ಮೂಲಕ, ವೆನಿಸಿನ ವರ್ತಕರ ಕೈಯಿಂದ. ಈಜಿಪ್ಟ್ ತುರ್ಕರ ವಶವಾದದ್ದು 1517ರಲ್ಲಿ, ಗಾಮ ಬಂದು ಹೋದ ಹತ್ತೊಂಬತ್ತು ವರ್ಷಗಳ ಮೇಲೆ. ದಾರಿ ಮುಚ್ಚಿರಲಿಲ್ಲ, ಅದರ ಲಾಭ ಬೇರೆಯವರಿಗೆ ಹೋಗುತ್ತಿತ್ತು.

ಪ್ರಶ್ನೆ: ಮಿಷನರಿಗಳೆಲ್ಲ ವಸಾಹತಿನ ಏಜೆಂಟರೇ ಆಗಿದ್ದರೆ? ಅವರಲ್ಲಿ ಒಬ್ಬರಾದರೂ ಎದುರು ಮಾತನಾಡಲಿಲ್ಲವೆ? (ಉಪನ್ಯಾಸಕ, ಠಾಣೆ)

ಉತ್ತರ: ಮಾತನಾಡಿದರು, ಮತ್ತು ಬಹಳ ಬೇಗ ಮಾತನಾಡಿದರು. 1511ರ ಡಿಸೆಂಬರಿನಲ್ಲಿ ಕೆರಿಬಿಯನ್ನಿನ ಹಿಸ್ಪನಿಯೋಲಾ ದ್ವೀಪದಲ್ಲಿ ಮೊಂತೆಸಿನೋಸ್ ಎಂಬ ಡೊಮಿನಿಕನ್ ಸನ್ಯಾಸಿ, ಮುಂದೆ ಕೂತಿದ್ದ ಸ್ಪ್ಯಾನಿಷ್ ಜಮೀನುದಾರರನ್ನೇ ಉದ್ದೇಶಿಸಿ, ಈ ಇಂಡಿಯನ್ನರು (ಅಂದರೆ ಅಲ್ಲಿನ ಮೂಲನಿವಾಸಿಗಳು) ಮನುಷ್ಯರಲ್ಲವೆ ಎಂದು ಕೇಳಿದ. ಅದೇ ದ್ವೀಪದಲ್ಲಿ ಜಮೀನೂ ಆಳುಗಳೂ ಇದ್ದ ಲಾಸ್ ಕಾಸಾಸ್ ಎಂಬ ಪಾದ್ರಿ ಮುಂದೆ ಅವೆಲ್ಲವನ್ನೂ ಬಿಟ್ಟು, ಬದುಕಿನ ಉಳಿದ ಕಾಲವನ್ನು ಅವರ ಪರವಾಗಿ ವಾದಿಸುವುದರಲ್ಲೇ ಕಳೆದ. ಇಂಡಿಯನ್ನರನ್ನು ಗುಲಾಮರನ್ನಾಗಿ ಮಾಡಬಾರದೆಂದು ಪೋಪ್ ಮೂರನೆಯ ಪೌಲ್ 1537ರಲ್ಲಿ ಸಾರಿದ. 1542ರಲ್ಲಿ ಸ್ಪೇನ್ ಹೊಸ ಕಾನೂನುಗಳನ್ನೂ ತಂದಿತು. ಆದರೆ ಕಾನೂನು ಸಮುದ್ರ ದಾಟುವಷ್ಟರಲ್ಲಿ ಅದರ ಕಸುವು ಹೋಗುತ್ತಿತ್ತು.

ಗೋವೆಯಲ್ಲಿ ಪ್ರತಿರೋಧ ಬೇರೆ ರೂಪದಲ್ಲಿ ಬಂತು. ದೀಕ್ಷೆ ಪಡೆದ ಸ್ಥಳೀಯರ ಮಕ್ಕಳು ಓದಿ ಪಾದ್ರಿಗಳಾದರೂ ಮೇಲಿನ ಪದವಿಗಳು ಬಿಳಿಯರಿಗೇ ಸಲ್ಲುತ್ತಿದ್ದವು. ಅದರಿಂದ ರೋಸಿದ ಗೋವೆಯ ಪಾದ್ರಿಗಳೂ ಸಿಪಾಯಿಗಳೂ ಸೇರಿ 1787ರಲ್ಲಿ ಪೋರ್ಚುಗೀಸರನ್ನೇ ಓಡಿಸುವ ಸಂಚು ಹೂಡಿದರು. ಕಾಂದೋಳಿಯ ಪಿಂಟೊ ಮನೆತನದ ಹೆಸರಿನಿಂದ ಪ್ರಸಿದ್ಧವಾದ ಈ ಸಂಚು ಬಯಲಾಗಿ ಹಲವರಿಗೆ ಮರಣದಂಡನೆಯಾಯಿತು. ಇನ್ನು ಆ ಹಳೆಯ ಆಜ್ಞಾಪತ್ರಗಳ ವಿಷಯ: ಅವುಗಳ ಆಧಾರದ ಮೇಲೆ ಬೆಳೆದ, ಕಂಡುಹಿಡಿದವನಿಗೇ ನೆಲದ ಹಕ್ಕು ಎಂಬ ಸಿದ್ಧಾಂತವನ್ನು ವ್ಯಾಟಿಕನ್ ಅಧಿಕೃತವಾಗಿ ತಳ್ಳಿಹಾಕಿದ್ದು 2023ರ ಮಾರ್ಚ್ 30ರಂದು.

ಪ್ರಶ್ನೆ: ಮುಂಬಯಿಯನ್ನು ಮುನ್ನೂರು ವರ್ಷಗಳ ಹತ್ತಿರ ಆಳಿದವರು ಇಂಗ್ಲಿಷರು. ಹಾಗಿದ್ದೂ ದಾದರಿನ ಇಗರ್ಜಿಗೆ ಇಂದಿಗೂ ಜನ 'ಪೋರ್ಚುಗೀಸ್ ಚರ್ಚ್' ಎನ್ನುವುದೇಕೆ? ಇಂಗ್ಲಿಷರಿಗೆ ಈ ಧರ್ಮಯುದ್ಧದ ಸೋಂಕು ಇರಲಿಲ್ಲವೆ? (ಹೋಟೆಲ್ ಉದ್ಯಮಿ, ದಾದರ್)

ಉತ್ತರ: ಆ ಇಗರ್ಜಿಯನ್ನು 1596ರಲ್ಲಿ ಪೋರ್ಚುಗೀಸ್ ಫ್ರಾನ್ಸಿಸ್ಕನ್ನರು ಕಟ್ಟಿದರು. ಗುಜರಾತಿನ ಬಹಾದುರ್ ಶಾಹ 1534ರ ಒಪ್ಪಂದದಲ್ಲಿ ವಸಾಯಿಯೊಡನೆ ಈ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟಿದ್ದ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಮತ್ತು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಇವರ ಮದುವೆಗಾಗಿ 1661ರಲ್ಲಿ ಆದ ಒಪ್ಪಂದದಲ್ಲಿ ಮುಂಬಯಿ ವರದಕ್ಷಿಣೆಯಾಗಿ ಹೋಯಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ.

ಕಂಪನಿಯದು ಅಪ್ಪಟ ವರ್ತಕ ಬುದ್ಧಿ. ಅದು ಪೋಪರನ್ನು ಒಪ್ಪದ ದೇಶದ ಕಂಪನಿ, ಅದಕ್ಕೆ ಪೋಪರ ಪರವಾನಗಿ ಬೇಕಿರಲಿಲ್ಲ. ಧರ್ಮದ ಗೊಡವೆಗೆ ಹೋದರೆ ವ್ಯಾಪಾರ ಕೆಡುತ್ತದೆಂಬ ಭಯ ಅದಕ್ಕೆ ಎಷ್ಟಿತ್ತೆಂದರೆ, 19ನೆಯ ಶತಮಾನದ ಆರಂಭದವರೆಗೂ ಅದು ತನ್ನ ದೇಶದ ಮಿಷನರಿಗಳಿಗೇ ಬಾಗಿಲು ತೆರೆಯಲಿಲ್ಲ. ವಿಲಿಯಂ ಕೇರಿ ನೆಲೆ ಹುಡುಕಿಕೊಂಡು ಡೇನರ ವಶದಲ್ಲಿದ್ದ ಶ್ರೀರಾಮಪುರಕ್ಕೆ ಹೋಗಬೇಕಾಯಿತು. 1813ರಲ್ಲಿ ಮುಂಬಯಿಗೆ ಬಂದಿಳಿದ ಅಮೆರಿಕದ ಇಬ್ಬರು ಮಿಷನರಿಗಳಿಗೆ ಮೊದಲು ಸಿಕ್ಕಿದ್ದು ಹಿಂತಿರುಗಿ ಹೋಗಬೇಕೆಂಬ ಆಜ್ಞೆ. ಅದೇ ವರ್ಷದ ಚಾರ್ಟರ್ ಕಾಯ್ದೆ ಬಂದ ಬಳಿಕ ಬಾಗಿಲು ಸಡಿಲವಾಯಿತು. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂದದ್ದು ಆ ನಂತರವೇ. ಅಷ್ಟರಲ್ಲಿ ದೇಶದ ದೊಡ್ಡ ಭಾಗ ಕಂಪನಿಯ ಕೈಸೇರಿತ್ತು. ವಸಾಹತಿಗೆ ಶಿಲುಬೆ ಯುದ್ಧದ ಪರವಾನಗಿ ಅನಿವಾರ್ಯವಲ್ಲ ಎಂಬುದಕ್ಕೆ ಮುಂಬಯಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ, ಮೊದಲ ಪ್ರಶ್ನೆ ಕೇಳಿದ ಡೊಂಬಿವಿಲಿಯ ಓದುಗರು ಇದನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಬಹುದು.

ಹಾಗಿದ್ದೂ ಪಾದ್ರುವಾದು ಮುಂಬಯಿಯನ್ನು ಬಿಡಲಿಲ್ಲ. ಗೋವೆಯ ಆರ್ಚ್‌ಬಿಷಪ್‌ಗೆ ನಿಷ್ಠರಾದ ಪಾದ್ರಿಗಳು ತಮ್ಮ ನೆಲದಲ್ಲಿರುವುದು ಇಂಗ್ಲಿಷರಿಗೆ ಸಮಾಧಾನವಿರಲಿಲ್ಲ. 1720ರಲ್ಲಿ ಅವರನ್ನು ಹೊರಹಾಕಿ, ರೋಮಿನ ಧರ್ಮಪ್ರಚಾರ ಮಂಡಳಿಗೆ ನೇರವಾಗಿ ಒಳಪಟ್ಟ ಕಾರ್ಮೆಲೈಟ್ ಪಾದ್ರಿಗಳಿಗೆ ಇಗರ್ಜಿಗಳನ್ನು ಒಪ್ಪಿಸಿದರು. ಗೋವೆಯವರು ತಮ್ಮ ಹಕ್ಕು ಬಿಡಲಿಲ್ಲ. ಕೊನೆಗೆ 1794ರಲ್ಲಿ ಇಗರ್ಜಿಗಳನ್ನೇ ಹಂಚಲಾಯಿತು. ತಮ್ಮ ದಾದರಿನ ಇಗರ್ಜಿ ಗೋವೆಯ ಪಾಲಿಗೆ ಬಂತು. ಅಲ್ಲಿಂದ ಮುಂದೆ ಒಂದೇ ಊರಿನಲ್ಲಿ, ಒಂದೇ ಮತದವರಿಗೆ, ಪೋರ್ಚುಗಲ್ಲಿನ ದೊರೆಯ ಹೆಸರಿನಲ್ಲಿ ಒಬ್ಬ ಅಧಿಕಾರಿ, ರೋಮಿನ ಹೆಸರಿನಲ್ಲಿ ಇನ್ನೊಬ್ಬ. ಈ ಇಬ್ಬಗೆಯ ಆಡಳಿತ ಮುಗಿದದ್ದು 1928ರಲ್ಲಿ, ಅದೂ ಮುಂಬಯಿಯ ಆರ್ಚ್‌ಬಿಷಪ್ ಪದವಿ ಒಮ್ಮೆ ಪೋರ್ಚುಗೀಸನಿಗೆ, ಒಮ್ಮೆ ಬ್ರಿಟಿಷನಿಗೆ ಸಲ್ಲಬೇಕೆಂಬ ರಾಜಿಯ ಮೇಲೆ. ಆ ಹಕ್ಕನ್ನು ಪೋರ್ಚುಗಲ್ ಬಿಟ್ಟುಕೊಟ್ಟದ್ದು ಭಾರತ ಸ್ವತಂತ್ರವಾದ ಮೇಲೆ, 1950ರಲ್ಲಿ. ಅದೇ ವರ್ಷ ವೆಲೇರಿಯನ್ ಗ್ರೇಶಿಯಸ್ ಮುಂಬಯಿಯ ಮೊದಲ ಭಾರತೀಯ ಆರ್ಚ್‌ಬಿಷಪ್ ಆದರು.